ಮುನ್ನೂರೆಂಬತ್ತನಾಲ್ಕು ಗುಂಡಿಗಳು

ಹೊರಡುವ ಮೊದಲು

ನನಗಿಂತ ಎಂಟು ದಿನ ಮೊದಲೇ ವಾರಿಜಕ್ಕನ ಜೀವಕೋಶಗಳು ಫಿನ್ಲೆಂಡ್ ಮುಟ್ಟಿದ್ದವು. ಕಿರುಬೆರಳಿನಷ್ಟಿರುವ ಎರಡು ಟ್ಯೂಬುಗಳಲ್ಲಿ ಹೆಪ್ಪುಗಟ್ಟಿ, ತಣ್ಣನೆಯ ಹೊಗೆಯಾಡುವ ಡಬ್ಬಿಯೊಳಗೆ ಕೂತು ಅವು ವಿಮಾನ ಹತ್ತಿದಾಗ ನನ್ನ ವೀಸಾ ಇನ್ನೂ ಬಂದಿರಲಿಲ್ಲ.

ನಾನು ಪುಣೆಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಡಾಕ್ಟರ್ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ವಾರಿಜಕ್ಕ ಒಪ್ಪಿದ್ದಿಲ್ಲ. ಅದು ಅವರ ನಿಜವಾದ ಹೆಸರೂ ಅಲ್ಲ. ಕರಾವಳಿಯ ಕಡೆಯವರು, ಗಂಡ ಹೆಂಡತಿ ಸೇರಿ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲು ನಡೆಸುತ್ತಾರೆ. ಅವರಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಒಮ್ಮೆ ಚಿಕಿತ್ಸೆಯಾಗಿ ಹೋಗಿದ್ದು ವರ್ಷ ತುಂಬುವುದರೊಳಗೆ ಮರಳಿ ಬಂದಿತ್ತು. ಅವರಿಗೆ ಬರುವ ಮರಾಠಿ ಗಿರಾಕಿಗಳ ಜೊತೆ ಮಾತಾಡುವಷ್ಟೇ. ಆರು ಪುಟದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ತಿಳಿಸಿ ಹೇಳಲು ನಮ್ಮ ಸರ್ ನನ್ನನ್ನು ಕಳಿಸಿದರು. ಸರ್ ಎಂದರೆ ಚಿಕಿತ್ಸೆ ಕೊಡುವ ದೊಡ್ಡ ಡಾಕ್ಟರು, ಮರಾಠಿಯವರು, ಅವರ ಎದುರು ನಾವೆಲ್ಲ ಕುರ್ಚಿಯ ತುದಿಯಲ್ಲಿ ಕೂರುತ್ತೇವೆ.

"ಒಂದ ಔಷಧ ಕೊಟ್ರ ಈ ಜೀವಕೋಶ ಭಾಳ ಶಾಣ್ಯಾ ಅದಾವ್ರಿ, ಇನ್ನೊಂದು ದಾರಿ ಹುಡುಕ್ಕೋತಾವ," ಎಂದೆ. ನಮ್ಮದು ಧಾರವಾಡದ ಮನೆ, ಪುಣೆಗೆ ಬಂದು ಎರಡು ತಲೆಮಾರಾದರೂ ಮಾತು ಅಲ್ಲಿಯದೇ. "ಅದಕ್ಕ ಎರಡು ಕೂಡಿಸಿ ಕೊಡೋದು. ಯಾವ ಎರಡು ಅಂತ ನಿಮ್ಮ ಮೈಮ್ಯಾಲೆ ನೋಡೋ ಬದ್ಲಿ, ನಿಮ್ಮ ಜೀವಕೋಶ ಹೊರಗ ತಗದು ಅವುಗಳ ಮ್ಯಾಲೆ ನೋಡ್ತೀವ್ರಿ."

"ಅಂದ್ರೆ ಮುಂಬಾಗಿಲು ಹಿಂಬಾಗಿಲು ಎರಡೂ ಹಾಕುದು."

"ಹೌದ್ರಿ."

"ಅಡುಗೆಮನೆಗೆ ಇಲಿ ಹೊಕ್ಕಿದ್ರೆ ನಾವೂ ಹಾಗೇ ಮಾಡುದು," ಎಂದರು. ಆಮೇಲೆ ಸುತ್ತ ನೋಡಿ, "ನಮ್ಮ ಹೋಟೆಲಿಗೆ ಇಲಿ ಬರ್ತದೆ ಅಂತ ಎಲ್ಲಿಯೂ ಹೇಳ್ಬೇಡಿ ಮಾರಾಯ್ರೆ," ಎಂದು ಸಹಿ ಹಾಕಿದರು.

ನಮ್ಮಲ್ಲಿ ಒಂದೊಂದೇ ಔಷಧವನ್ನು ಕೈಯಿಂದ ಪರೀಕ್ಷಿಸುವುದು ನಡೆದಿತ್ತು. ಜೋಡಿಗಳೆಂದರೆ ಲೆಕ್ಕ ತಲೆ ಮೇಲೆ ಹೋಗುತ್ತದೆ. ಇಪ್ಪತ್ತು ಔಷಧಗಳಿಂದ ನೂರ ತೊಂಬತ್ತು ಜೋಡಿ, ಪ್ರತಿ ಜೋಡಿಗೂ ಹೆಚ್ಚು ಕಡಿಮೆ ಪ್ರಮಾಣಗಳು. ಅದಕ್ಕೆ ಬೇಕಾದ ಯಂತ್ರ ಫಿನ್ಲೆಂಡಿನಲ್ಲಿತ್ತು. ನನ್ನನ್ನು ಮೂರು ವಾರಕ್ಕೆ ಕಳಿಸಿದರು, ಕೆಲಸ ಕಲಿತು ಬರಲು ಮತ್ತು ನಮ್ಮ ರೋಗಿಯ ಪರೀಕ್ಷೆಯನ್ನು ನಾನೇ ಮಾಡಿ ಮುಗಿಸಲು. ವಾರಿಜಕ್ಕನಿಗೆ ಯಾವ ಜೋಡಿ ಕೊಡಬೇಕೆಂಬುದನ್ನು ಆ ಫಲಿತಾಂಶ ನೋಡಿ ಸರ್ ನಿರ್ಧರಿಸುವವರಿದ್ದರು.

ಹೆಲ್ಸಿಂಕಿ, ವಿಮಾನ ನಿಲ್ದಾಣ

ಫಿನ್ಲೆಂಡಿಗೆ ಹೋಗಿದ್ದೆ ಎಂದರೆ ಎಲ್ಲರೂ ಕೇಳುವುದು ಚಳಿಯ ಸುದ್ದಿ. ನಾನು ಹೋದದ್ದು ಜೂನಿನಲ್ಲಿ, ಚಳಿಯ ಬದಲು ನನಗೆ ಎದುರಾದದ್ದು ಅರಿಶಿಣ.

ನಮ್ಮ ಮನೆದೇವರು ಮೈಲಾರಲಿಂಗ. ಪುಣೆಗೆ ಬಂದ ಮೇಲೆ ಹತ್ತಿರದ ಜೇಜುರಿಯ ಖಂಡೋಬಾನಿಗೇ ನಡೆದುಕೊಳ್ಳುತ್ತೇವೆ. ಅವ್ವ ಅಲ್ಲಿಯ ಭಂಡಾರದ ಪೊಟ್ಟಣವನ್ನು ನನಗೆ ಹೇಳದೆ ಬ್ಯಾಗಿನ ಮೂಲೆಗೆ ತುರುಕಿದ್ದಳು. ಕಸ್ಟಮ್ಸಿನ ಹುಡುಗಿ ಅದನ್ನು ಬಿಚ್ಚಿ ಏನಿದು ಎಂದಳು. ದೇವರ ಅರಿಶಿಣ ಎಂದೆ. ತಿನ್ನಲಿಕ್ಕೋ ಎಂದಳು. ಅಲ್ಲ, ಹಣೆಗೆ ಎಂದೆ. ನಿಮ್ಮ ಕೆಲಸ ಏನು ಎಂದು ಕೇಳಿದಾಗ ಕ್ಯಾನ್ಸರ್ ಔಷಧಗಳ ಪರೀಕ್ಷೆ ಎಂದು ಹೇಳಿದ್ದು ನನ್ನ ತಪ್ಪು. ಅವಳು ಪುಡಿಯನ್ನೂ ನನ್ನನ್ನೂ ನೋಡಿ ಮೇಲಿನವರನ್ನು ಕರೆದಳು. ಮೇಲಿನವರು ಮೂಸಿದರು. ಕೊನೆಗೆ ಪೊಟ್ಟಣ ನನಗೇ ವಾಪಸ್ಸು ಬಂತು, ಇಬ್ಬರ ಬೆರಳುಗಳೂ ಹಳದಿಯಾಗಿದ್ದವು. ಸೋಪಿಗೆ ಅದು ಹೋಗುವುದಿಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮೊದಲ ವಾರ

ಹೆಲ್ಸಿಂಕಿಯಿಂದ ರೈಲಿನಲ್ಲಿ ಹೋದರೆ ಸಿಗುವ ಊರು ಅದು, ಹೆಸರು ಬೇಡ. ಅಲ್ಲಿಯ ಬಸ್ ಸ್ಟಾಪಿನಲ್ಲಿ ಆರು ಜನ ನಿಂತರೆ ಆರು ದ್ವೀಪಗಳು. ಒಬ್ಬರಿಂದ ಒಬ್ಬರಿಗೆ ಎರಡು ಮಾರು ದೂರ, ಮಾತಿಲ್ಲ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಪಕ್ಕದವರ ಮೊಣಕೈ ಪಕ್ಕೆಗೆ ತಾಗದೆ ಬಸ್ಸು ಹತ್ತಿ ಗೊತ್ತಿಲ್ಲದ ನಾನು ಮೊದಲ ದಿನ ಒಬ್ಬ ಅಜ್ಜಿಯ ಹತ್ತಿರ ನಿಂತೆ. ಅಜ್ಜಿ ಸರಿದರು. ನನ್ನಿಂದ ಏನೋ ವಾಸನೆ ಬರುತ್ತಿದೆಯೇನೋ ಎಂದು ಇಡೀ ದಾರಿ ಯೋಚಿಸಿದೆ.

ಊಟದ ಹೊತ್ತು ಹತ್ತೂಮುಕ್ಕಾಲು. ನಮ್ಮಲ್ಲಿ ಆ ಹೊತ್ತಿಗೆ ಎರಡನೇ ಚಹಾ ಆಗಿರುತ್ತದೆ. ಸೂರ್ಯ ಮುಳುಗುವ ಕೆಲಸವನ್ನೇ ಬಿಟ್ಟಿದ್ದ. ನಾನು ಕಣ್ಣಿಗೆ ಓಢಣಿ ಸುತ್ತಿಕೊಂಡು ಮಲಗುವುದನ್ನು ಕಲಿತೆ.

ನನಗೆ ಕೆಲಸ ಕಲಿಸಿದವರು ಪೈವಿ. ಅರವತ್ತರ ಹತ್ತಿರದ ಹೆಂಗಸು, ಯಂತ್ರದ ಉಸ್ತುವಾರಿ ಅವರದು. ಅಲ್ಲಿ ಎಲ್ಲರೂ ಎಲ್ಲರನ್ನೂ ಬರಿ ಹೆಸರು ಹಿಡಿದೇ ಕರೆಯುತ್ತಾರೆ, ಮುಖ್ಯಸ್ಥರನ್ನೂ. ಬಾಯಿಗೆ ರೂಢಿಯಾಯಿತು, ಬರೆಯುವಾಗ ಮಾತ್ರ ಗೌರವ ಬಿಡಲು ಮನಸ್ಸಾಗುವುದಿಲ್ಲ. ಪೈವಿಯ ಇಂಗ್ಲಿಷು ನನ್ನಷ್ಟೇ ಇತ್ತು, ಬಳಕೆ ಅದಕ್ಕಿಂತ ಕಡಿಮೆ.

ಕೆಲಸ ನಡೆಯುವುದು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ಮೇಲೆ. ಅದರಲ್ಲಿ ಮುನ್ನೂರೆಂಬತ್ತನಾಲ್ಕು ಗುಂಡಿಗಳು, ಒಂದೊಂದರಲ್ಲೂ ಸಾಸಿವೆಯಷ್ಟು ದ್ರವ ಹಿಡಿಸುತ್ತದೆ. ಔಷಧದ ಜೋಡಿಗಳನ್ನು ಯಂತ್ರ ಮೊದಲೇ ಗುಂಡಿಗಳಿಗೆ ಹಾಕಿರುತ್ತದೆ. ನಾವು ರೋಗಿಯ ಜೀವಕೋಶಗಳನ್ನು ಬಿಟ್ಟು, ಮೈಬಿಸಿಯ ಪೆಟ್ಟಿಗೆಯಲ್ಲಿ ಮೂರು ದಿನ ಇಡುತ್ತೇವೆ. ಕೊನೆಗೆ ಒಂದು ರಾಸಾಯನಿಕ ಹಾಕಿದರೆ ಬದುಕಿದ ಜೀವಕೋಶಗಳು ಬೆಳಗುತ್ತವೆ, ಸತ್ತವು ಕತ್ತಲಾಗಿರುತ್ತವೆ. ಓದುವ ಯಂತ್ರ ಆ ಬೆಳಕನ್ನು ಅಳೆಯುತ್ತದೆ. ಎಲ್ಲಿ ಕತ್ತಲಿದೆಯೋ ಅಲ್ಲಿಯ ಜೋಡಿ ನಮಗೆ ಬೇಕಾದದ್ದು. ಹೀಗೆ ಹಲವು ತಟ್ಟೆಗಳಾಗುತ್ತವೆ.

ಪೈವಿ ಪ್ರತಿ ತಟ್ಟೆಯಲ್ಲೂ ಕೆಳಗಿನ ಬಲಮೂಲೆಯ ಹತ್ತಿರ ಒಂದು ಗುಂಡಿಯನ್ನು ಖಾಲಿ ಬಿಡುತ್ತಿದ್ದರು. ಯಾಕೆ ಎಂದು ಕೇಳಿದೆ. "ಸುಮ್ಮನೆ," ಎಂದರು.

ಮಂಗಳವಾರ

ಎರಡನೇ ವಾರದ ಮಂಗಳವಾರ ವಾರಿಜಕ್ಕನ ಮೊದಲ ಟ್ಯೂಬಿನ ತಟ್ಟೆಗಳನ್ನು ಓದುವ ದಿನ. ಪೈವಿ ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ನಾನೇ ತಟ್ಟೆಗಳನ್ನು ಒಂದೊಂದಾಗಿ ಯಂತ್ರದೊಳಗಿಟ್ಟೆ. ಮೂರು ಮತ್ತು ಹನ್ನೊಂದನೇ ನಂಬರಿನ ಔಷಧಗಳ ಜೋಡಿ ಎದ್ದು ಕಾಣಿಸಿತು, ಅದರ ಹೆಚ್ಚು ಕಡಿಮೆ ಪ್ರಮಾಣಗಳ ಗುಂಡಿಗಳಿದ್ದ ಚೌಕವಿಡೀ ಕತ್ತಲು.

ಹದಿನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಇಂಥ ಸ್ಪಷ್ಟ ಫಲಿತಾಂಶ ಬಂದದ್ದು ಅದೇ ಮೊದಲು. ಖುಷಿ ತಡೆಯಲಾಗಲಿಲ್ಲ. ಪೈವಿ ಬರುವವರೆಗೂ ಕಾಯದೆ ಸರ್‌ಗೆ ಫೋನು ಮಾಡಿದೆ. ಎರಡೂ ಔಷಧ ಆಸ್ಪತ್ರೆಯಲ್ಲೇ ಇವೆ, ಒಪ್ಪಿಗೆಯೂ ಇದೆ, ಬುಧವಾರ ಸಂಜೆಯಿಂದ ಶುರು ಮಾಡುತ್ತೇನೆ ಎಂದರು ಅವರು. ನನಗೆ ಶಾಬಾಸ್ ಎಂದೂ ಹೇಳಿದರು. ಆ ಮಾತನ್ನು ಅವರ ಬಾಯಿಂದ ಕೇಳಿದವರು ನಮ್ಮ ವಿಭಾಗದಲ್ಲಿ ಹೆಚ್ಚು ಜನರಿಲ್ಲ.

ಬುಧವಾರ

ಬೆಳಿಗ್ಗೆ ಪೈವಿ ಫಲಿತಾಂಶದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿದರು. ಮೊದಲನೆಯದಕ್ಕೆ ವಾಪಸು ಹೋಗಿ ಕೆಳಗಿನ ಬಲಮೂಲೆಗೆ ಬೆರಳಿಟ್ಟರು.

"ಖಾಲಿ ಗುಂಡಿ ಎಲ್ಲಿದೆ?" ಎಂದರು.

ಕೆಳಗೆ ಬಲಕ್ಕಿರಬೇಕಾದ ಖಾಲಿ ಗುಂಡಿ ಮೇಲೆ ಎಡಕ್ಕಿತ್ತು. ಒಂದರಲ್ಲಲ್ಲ, ಎಲ್ಲ ತಟ್ಟೆಗಳಲ್ಲೂ.

ತಟ್ಟೆಯ ಒಂದು ಮೂಲೆ ಕತ್ತರಿಸಿರುತ್ತದೆ, ದಿಕ್ಕು ಗೊತ್ತಾಗಲೆಂದು. ಪುಣೆಯ ನಮ್ಮ ಹಳೆಯ ಯಂತ್ರದಲ್ಲಿ ಕತ್ತರಿಸಿದ ಮೂಲೆ ನಮ್ಮ ಕಡೆಗಿರುವಂತೆ ಇಡಬೇಕು. ಅಲ್ಲಿಯದರಲ್ಲಿ ಒಳಗಡೆಗೆ. ಪೈವಿ ಅದನ್ನು ಮೊದಲ ದಿನವೇ ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಆದರೆ ಹದಿನಾಲ್ಕು ವರ್ಷದ ಕೈ ಅವಸರದಲ್ಲಿ ತನ್ನ ರೂಢಿಯಂತೆ ಇಟ್ಟಿತ್ತು. ತಟ್ಟೆಯ ಎರಡೂ ತುದಿಯಲ್ಲಿ ತಾಳೆ ನೋಡುವ ಗುಂಡಿಗಳು ಒಂದೇ ಥರ ಇರುವುದರಿಂದ, ತಲೆಕೆಳಗಾದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಾನು ಸರ್‌ಗೆ ಹೇಳಿದ್ದು ಎದುರು ಮೂಲೆಯ ಜೋಡಿಯ ಹೆಸರು. ಅದು ನಿಜವಾಗಿ ಇದ್ದ ಕಡೆ ಜೀವಕೋಶಗಳು ನೀರು ಕುಡಿದ ಹಾಗೆ ಆರಾಮಾಗಿ ಬೆಳಗುತ್ತಿದ್ದವು.

ಪುಣೆಯಲ್ಲಿ ಆಗ ಹನ್ನೊಂದೂವರೆ. ಸಂಜೆ ವಾರಿಜಕ್ಕನಿಗೆ ಔಷಧ ಶುರು.

ಸರ್ ಫೋನು ಎತ್ತಲಿಲ್ಲ, ಹೊರರೋಗಿಗಳನ್ನು ನೋಡುವ ದಿನ. ವಾರ್ಡಿಗೆ ಮಾಡಿದೆ. ಸಿಸ್ಟರ್‌ಗೆ ಮರಾಠಿಯಲ್ಲಿ, ಸರ್ ನನ್ನ ಜೊತೆ ಮಾತಾಡುವವರೆಗೆ ಆ ಔಷಧ ಮುಟ್ಟಬೇಡಿ ಎಂದೆ. ನೀವು ಯಾರು ಎಂದರು. ಹೇಳಿದೆ. ಡಾಕ್ಟರರ ಆರ್ಡರ್ ಇದೆ, ಲ್ಯಾಬಿನವರು ಹೇಳಿದರೆ ನಿಲ್ಲಿಸಲಾಗದು ಎಂದರು. ಅವರು ಹೇಳಿದ್ದು ಸರಿಯೇ.

ಕುಳಿತು ಸರ್‌ಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. 'ಓದುವ ಯಂತ್ರದ ತಾಂತ್ರಿಕ ತೊಂದರೆಯಿಂದ ಫಲಿತಾಂಶದಲ್ಲಿ ವ್ಯತ್ಯಾಸವಾಗಿದೆ.' ನಮ್ಮಲ್ಲಿ ಯಾವ ತಪ್ಪಾದರೂ ಹೀಗೆಯೇ ಬರೆಯುವುದು. ಯಂತ್ರಕ್ಕೆ ಬಾಯಿಲ್ಲ, ಬಡ್ತಿಯೂ ತಪ್ಪುವುದಿಲ್ಲ. ನನ್ನ ಹಿಂದೆ ನಿಂತಿದ್ದ ಪೈವಿ ಅದನ್ನು ಓದಿದರು.

"ನನ್ನ ಯಂತ್ರ ಏನು ಮಾಡಿತು?" ಎಂದರು.

ಸಿಟ್ಟಿನಿಂದಲ್ಲ. ನೆರೆಮನೆಯವರು ತಮ್ಮ ಮಗುವಿನ ಮೇಲೆ ಸುಳ್ಳು ಹೇಳಿದಾಗ ತಾಯಿ ಕೇಳುತ್ತಾಳಲ್ಲ, ಹಾಗೆ. ನನಗೆ ನಾಚಿಕೆಯಾಯಿತು. ಅಳಿಸಿ ಬರೆದೆ: 'ತಟ್ಟೆಗಳನ್ನು ನಾನೇ ತಿರುಗಿಸಿ ಇಟ್ಟೆ. ಮೂರು ಮತ್ತು ಹನ್ನೊಂದು ತಪ್ಪು. ದಯವಿಟ್ಟು ಕೊಡಬೇಡಿ.' ಮತ್ತೆ ಫೋನು ಮಾಡುತ್ತಲೇ ಇದ್ದೆ. ಹನ್ನೆರಡನೇ ಸಲಕ್ಕೆ ಸರ್ ಎತ್ತಿದರು.

"ಕಾಯ್ ಸಾಂಗ್ತೇಸ್?" ಎಂದರು. ಏನು ಹೇಳುತ್ತಿದ್ದೀಯ ಎಂದು. ತಟ್ಟೆ ತಿರುಗಿದ್ದನ್ನು ಪೂರ್ತಿ ಹೇಳಿದೆ. ಫಲಿತಾಂಶವನ್ನು ತಿರುಗಿಸಿ ಓದಿದರೆ ಏಳು ಮತ್ತು ಹತ್ತೊಂಬತ್ತನೆಯ ಜೋಡಿ ಬರುತ್ತದೆ ಎಂದೆ. ಒಮ್ಮೆ ತಿರುಗಿಸಿ ಇಟ್ಟವಳ ಮಾತು ಕೇಳಿ ಇನ್ನೊಮ್ಮೆ ತಿರುಗಿಸಿ ಓದಿದ್ದನ್ನು ರೋಗಿಗೆ ಕೊಡಲಾರೆ ಎಂದರು. ಎರಡನೇ ಟ್ಯೂಬು ಇದೆಯಲ್ಲ, ಮತ್ತೆ ಮಾಡು. ಸೋಮವಾರದವರೆಗೆ ಕಾಯುತ್ತೇನೆ, ಅದಕ್ಕೂ ಹೆಚ್ಚು ರೋಗಿ ಕಾಯಲಾರಳು ಎಂದರು.

ಗುರುವಾರ

ಆ ಪ್ರಯೋಗಾಲಯದಲ್ಲೊಂದು ಪದ್ಧತಿಯಿದೆ. ಕಾಫಿ ಮೇಜಿನ ಮೇಲೆ ಒಂದು ನೋಟುಬುಕ್ಕು, ಅದರಲ್ಲಿ ಆ ವಾರ ಯಾರು ಯಾವ ತಪ್ಪು ಮಾಡಿದರೋ ಅವರೇ ಬರೆಯಬೇಕು. ವಾರಕ್ಕೊಮ್ಮೆ ಏಲಕ್ಕಿ ಬನ್ನಿನ ಜೊತೆ ಅವರವರೇ ಓದುತ್ತಾರೆ. ಮರುದಿನ ಬೇಸಿಗೆ ಹಬ್ಬದ ರಜೆಯಾದ್ದರಿಂದ ಆ ವಾರದ ಓದು ಗುರುವಾರವೇ ಇತ್ತು. ಒಬ್ಬ ಫ್ರೀಜರಿನ ಬಾಗಿಲು ಹಾಕದೆ ಹೋಗಿದ್ದ. ಮುಖ್ಯಸ್ಥರೇ ಒಂದು ಲೆಕ್ಕದಲ್ಲಿ ಸೊನ್ನೆ ಬಿಟ್ಟಿದ್ದರು. ನಾನೂ ಓದಿದೆ. ಎಲ್ಲರೂ 'ಕಿಟೋಸ್' ಎಂದರು, ಧನ್ಯವಾದ ಎಂದು. ಬೈಗುಳವಿಲ್ಲ, ಸಮಾಧಾನವೂ ಇಲ್ಲ. ಮುಂದಿನ ಮಾತು ಹಬ್ಬಕ್ಕೆ ಸ್ಟ್ರಾಬೆರಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂಬುದು. ನಿಜ ಹೇಳಬೇಕೆಂದರೆ ಯಾರಾದರೂ ಒಂದಿಷ್ಟು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಧ್ಯಾಹ್ನ ಎರಡನೇ ಟ್ಯೂಬು ತೆಗೆದೆವು. ಅದು ಕೊನೆಯದು. ಹೆಪ್ಪುಗಟ್ಟಿದ ಜೀವಕೋಶಗಳನ್ನು ಕರಗಿಸುವುದು ನಾಜೂಕಿನ ಕೆಲಸ, ಕೆಲವು ಸಲ ಅರ್ಧಕ್ಕರ್ಧ ಸತ್ತೇ ಏಳುತ್ತವೆ. ನೀವೇ ಮಾಡಿ ಎಂದೆ ಪೈವಿಗೆ. "ನಿನ್ನ ರೋಗಿ," ಎಂದರು, ಕೈ ಕಟ್ಟಿ ನಿಂತರು. ಕರಗಿಸಿ, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸತ್ತವು ನೀಲಿ ಕುಡಿಯುತ್ತವೆ, ಬದುಕಿದವು ಕುಡಿಯುವುದಿಲ್ಲ. ನೀಲಿಯವು ಅಲ್ಲೊಂದು ಇಲ್ಲೊಂದು, ಉಳಿದವೆಲ್ಲ ತಿಳಿಯಾಗಿ ಹೊಳೆಯುತ್ತಿದ್ದವು. ವಾರಿಜಕ್ಕನನ್ನು ಕೊಲ್ಲಲು ಹೊರಟವು ಅವೇ. ಅವು ಬದುಕಿದ್ದಕ್ಕೆ ಆ ಹೊತ್ತಿನಲ್ಲಿ ನನಗಾದ ಸಂತೋಷ ವಿಚಿತ್ರವಾದದ್ದು.

ಶುಕ್ರವಾರ, ಶನಿವಾರ

ಶುಕ್ರವಾರ ಇಡೀ ದೇಶ ಬೀಗ ಹಾಕಿಕೊಂಡು ಕೆರೆದಂಡೆಗಳಿಗೆ ಹೋಯಿತು. ನಾನು ಪೆಟ್ಟಿಗೆಯ ಬಿಸಿ ಸರಿಯಿದೆಯೋ ನೋಡಲು ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದೆ. ಅಗತ್ಯವಿರಲಿಲ್ಲ, ಮನಸ್ಸು ಕೇಳಲಿಲ್ಲ. ಮಧ್ಯಾಹ್ನ ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ನಾಯಿ ಹಿಡಿದು ಬಂದ ಮುದುಕರೊಬ್ಬರು ನನ್ನನ್ನು ದಾಟಿ ಹೋಗಿ, ಏನೋ ನೆನಪಾದವರಂತೆ ತಿರುಗಿ, "ಬಸ್ಸಿಲ್ಲ," ಎಂದು ನಡೆದರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿ ಮಲಗುವ ಪುಣೆಯ ಪೇಠೆಯವರನ್ನು ನಾವು ಆಡಿಕೊಳ್ಳುತ್ತೇವೆ. ಅವರು ಗಿರಾಕಿಯನ್ನು ಗದರಿಸುವುದಕ್ಕಾದರೂ ಬಾಗಿಲು ತೆರೆಯುತ್ತಾರೆ. ಇಲ್ಲಿ ಗದರಿಸುವವರೂ ಊರಲ್ಲಿರಲಿಲ್ಲ. ಏಳು ಕಿಲೋಮೀಟರ್ ನಡೆದೆ.

ಶನಿವಾರ ಪೈವಿ ತಮ್ಮ ಕೆರೆದಂಡೆಯ ಮರದ ಮನೆಗೆ ಕರೆದುಕೊಂಡು ಹೋದರು. ಸೌನಾದ ಬಿಸಿ ಹಬೆಯಲ್ಲಿ ನಾನು ನೈಟಿ ಹಾಕಿಕೊಂಡೇ ಕೂತೆ, ಅವರ ಅಕ್ಕತಂಗಿಯರು ಏನೂ ಹಾಕಿಕೊಳ್ಳದೆ ಕೂತರು, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನನಗೆ ಮಾತ್ರ ತಲೆಯಲ್ಲಿ ಮೂರು ದಿನದ ಲೆಕ್ಕ ಓಡುತ್ತಿತ್ತು. ಇಷ್ಟು ಹೊತ್ತಿಗೆ ವಾರಿಜಕ್ಕನಿಗೆ ಜ್ವರ ಬಂದಿದ್ದರೆ? ಪೈವಿ ನನ್ನ ಕೈಗೆ ತಣ್ಣೀರಿನ ಬಕೆಟ್ಟು ಕೊಟ್ಟು, "ಇವತ್ತು ನಿನ್ನಿಂದ ಏನೂ ಆಗುವುದಿಲ್ಲ," ಎಂದರು. ಆ ಮೂರು ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು.

ಭಾನುವಾರ

ರಜೆಯ ದಿನ ಪ್ರಯೋಗಾಲಯದಲ್ಲಿ ಇಬ್ಬರೇ ಇದ್ದೆವು. ಪೈವಿಯ ಕೂದಲಿಗೆ ಇನ್ನೂ ಕಟ್ಟಿಗೆ ಹೊಗೆಯ ವಾಸನೆ. ನಾನು ತಟ್ಟೆಯ ಕತ್ತರಿಸಿದ ಮೂಲೆಯನ್ನು ಬೆರಳಿನಿಂದ ಮುಟ್ಟಿ, ಬಾಯಿಬಿಟ್ಟು 'ಒಳಗೆ' ಎಂದು ಹೇಳಿ ಯಂತ್ರದೊಳಗಿಟ್ಟೆ. ಪ್ರತಿ ತಟ್ಟೆಗೂ ಹಾಗೆಯೇ ಮಾಡಿದೆ.

ಖಾಲಿ ಗುಂಡಿ ಕೆಳಗೆ ಬಲಕ್ಕಿತ್ತು. ಕತ್ತಲ ಚೌಕ ಏಳು ಮತ್ತು ಹತ್ತೊಂಬತ್ತರದು. ಬೇರೆ ಬೇರೆಯಾಗಿ ಕೊಟ್ಟಾಗ ಎರಡೂ ಅಷ್ಟಕ್ಕಷ್ಟೇ, ಕೂಡಿದಾಗ ಮಾತ್ರ ಉಳಿದದ್ದು ಏನೂ ಇಲ್ಲ. ನನಗೆ ಅಳು ಬಂತು. ಪೈವಿ ಹೊರಗೆ ಹೋದರು, ನಾನು ಮುಗಿಸುವಷ್ಟು ಹೊತ್ತು ಬಿಟ್ಟು ಕಾಫಿ ತಂದರು.

ಸರ್‌ಗೆ ಚಿತ್ರಗಳನ್ನೆಲ್ಲ ಕಳಿಸಿದೆ. ಖಾಲಿ ಗುಂಡಿ ಎಲ್ಲಿರಬೇಕು ಎಂಬುದನ್ನೂ ಬರೆದೆ. ಸೋಮವಾರ ಬೆಳಿಗ್ಗೆ ಔಷಧ ಶುರುವಾಯಿತು.

ಪುಣೆ

ನಾನು ಮರಳಿ ಬಂದು ಕೆಲವು ವಾರಗಳಾದ ಮೇಲೆ ವಾರಿಜಕ್ಕನ ಅಸ್ಥಿಮಜ್ಜೆಯ ವರದಿ ಬಂತು. ಕೆಟ್ಟ ಜೀವಕೋಶಗಳು ಕಾಣಿಸುತ್ತಿಲ್ಲ. ಇದನ್ನು ಗೆಲುವು ಎಂದು ಬರೆಯಲಾರೆ. ಕಾಣಿಸುತ್ತಿಲ್ಲ ಎಂದಷ್ಟೇ ಅದರ ಅರ್ಥ, ಅವು ಎಲ್ಲೋ ಅಡಗಿರಬಹುದು, ಇನ್ನೊಮ್ಮೆ ಬರಬಹುದು. ಅವರ ತಮ್ಮನ ಮಜ್ಜೆ ಹೊಂದುತ್ತದೆ, ಕಸಿ ಮಾಡಲು ದಾರಿಯಾಯಿತು. ಒಬ್ಬರಿಗೆ ಒಂದು ಜೋಡಿ ಒಂದು ಸಲ ಕೆಲಸ ಮಾಡಿತು ಎಂಬುದಷ್ಟೇ ನಾನು ಹೇಳಬಲ್ಲ ಮಾತು.

ಕಸಿಗೆ ಮೊದಲು ಅವರ ರಕ್ತ ಒಂದು ಟ್ಯೂಬು ತೆಗೆದಿಡಬೇಕಿತ್ತು, ಮುಂದೆ ರೋಗ ಮರಳಿದರೆ ಹೋಲಿಸಿ ನೋಡಲೆಂದು. ಫಾರಂ ಹಿಡಿದು ಹೋದೆ. ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ಗಂಡ ಕೆಳಗೆ ಔಷಧ ತರಲು ಹೋಗಿದ್ದರು. ಚಿಕಿತ್ಸೆ ತಡವಾದದ್ದಕ್ಕೆ ಸರ್ ಅವರಿಗೆ ಹೇಳಿದ್ದು, ಪರೀಕ್ಷೆ ಎರಡನೇ ಸಲ ಮಾಡಬೇಕಾಯಿತು ಎಂದಷ್ಟೇ.

"ವಾರಿಜಕ್ಕ, ಒಂದು ಮಾತು ಹೇಳೋದದ," ಎಂದು ಎಲ್ಲ ಹೇಳಿದೆ. ತಟ್ಟೆ, ಮೂಲೆ, ಬುಧವಾರ.

"ಅಂದ್ರೆ ಆ ದಿನ ನಂಗೆ ಕೊಡ್ಲಿಕ್ಕೆ ತಂದಿಟ್ಟದ್ದು ಉಪಯೋಗ ಇಲ್ಲದ ಮದ್ದಾ?"

"ನಿಮ್ಮ ಜೀವಕೋಶಕ್ಕ ಅದು ಏನೂ ಮಾಡ್ತಿದ್ದಿಲ್ರಿ."

"ಆ ಐದು ದಿನ ಜ್ವರದಲ್ಲಿ ಮಲಗಿದ್ದೆ ನಾನು. ಇವ್ರು ನಿದ್ದೆ ಇಲ್ಲದೆ ಕೂತಿದ್ರು. ನೀವು ಹೇಳದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ರಿ."

"ಮತ್ತೆ ಎಂತಕ್ಕೆ ಹೇಳುದು? ನಿಮ್ಮ ಮನಸ್ಸು ಹಗುರ ಆಗ್ಲಿಕ್ಕಾ?"

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. "ಅದೂ ಅದರಿ," ಎಂದೆ. "ಆದ್ರ ಜೀವಕೋಶ ನಿಮ್ಮವು. ಅವಕ್ಕ ಏನೇನಾತು ಅಂತ ನಿಮಗ ಗೊತ್ತಿರಬೇಕು."

ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಾ ಕೂತರು. ಕೆಳಗೆ ರಿಕ್ಷಾದವರ ಗಲಾಟೆ ನಡೆದಿತ್ತು. ನಾನು ಫಾರಂ ಮಡಚಿದೆ.

"ಇವತ್ತು ಬ್ಯಾಡ್ರಿ. ನಾಳೆ ಬ್ಯಾರೆಯವರನ್ನ ಕಳಸ್ತೀನಿ."

"ಈ ರೋಗ ಮತ್ತೆ ಬಂದ್ರೆ ಈ ರಕ್ತವನ್ನು ಯಾರು ನೋಡುದು?"

"ಅವತ್ತು ಯಾರ ಪಾಳಿ ಇರ್ತದೋ ಅವ್ರು ನೋಡ್ತಾರ್ರಿ."

"ಬೇಡ. ನೀವೇ ನೋಡಿ."

"ನಿಮಗ ನನ್ನ ಮ್ಯಾಲೆ ಸಿಟ್ಟು ಬಂದದ."

"ಬಂದುಂಟು. ಇವತ್ತೇ ಹೋಗುವ ಸಿಟ್ಟು ಅಲ್ಲ ಅದು," ಎಂದರು ವಾರಿಜಕ್ಕ. ಆಮೇಲೆ ರವಿಕೆಯ ತೋಳು ಮೇಲೇರಿಸಿ, ಸೂಜಿ ಚುಚ್ಚಿ ಚುಚ್ಚಿ ಕಪ್ಪಾಗಿದ್ದ ಕೈಯನ್ನು ನನ್ನ ಮುಂದೆ ಚಾಚಿದರು.